ಸುಣ್ಣಕ್ಕೆ ಹೋಗಲಿದ್ದ ಬಾಟಲಿ

ಆ ಪುಟ್ಟ ಬಾಟಲಿಯನ್ನು ಖಾಲಿ ಎಂದು ಬಿಸಾಕಿದ್ದು ಯಾರೆಂದು ಬಹಳ ಕಾಲ ಇತ್ಯರ್ಥವಾಗಲಿಲ್ಲ. ನನ್ನ ನೆನಪಿನಲ್ಲಿ ಅದು ನಮ್ಮ ಲ್ಯಾಬಿನ ಸೀನಿಯರ್ ಅಕ್ಕ. ಅಕ್ಕನ ನೆನಪಿನಲ್ಲಿ ನಾನು. ಇಬ್ಬರೂ ಸಂಶೋಧನೆ ಕಲಿತವರು, ಇಬ್ಬರ ಬಳಿಯೂ ಪುರಾವೆ ಇರಲಿಲ್ಲ.

ಆಗ ನಾನು ಧಾರವಾಡದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ಜೀವಕೋಶ ತನಗೆ ಬೇಡವಾದ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುತ್ತದೆ. ಚೀಟಿ ಬಿದ್ದದ್ದು ಕಸಕ್ಕೆ. ಕೆಲವು ಕಿಣ್ವಗಳಿಗೆ ಆ ಚೀಟಿ ಕಿತ್ತುಹಾಕುವುದೇ ಕೆಲಸ. ಅವುಗಳ ಕೈ ಕಟ್ಟುವ ಒಂದು ರಾಸಾಯನಿಕ ಅಕ್ಕನಿಗೆ ಬೇಕಿತ್ತು, ಅವಳ ಕೊನೆಯ ಪ್ರಯೋಗ ಅದರ ಮೇಲೆಯೇ ನಿಂತಿತ್ತು. ಎರಡು ತಿಂಗಳು ಕಾಯಿಸಿ ಪುಟ್ಟ ಬಾಟಲಿಯಲ್ಲಿ ಬಂದ ಅದನ್ನು ರಾಯಾಪುರದ ಕೊರಿಯರ್ ಕಚೇರಿಯಿಂದ ನಾನೇ ತಂದೆ. ಮುಂದಿನ ವಾರ ಗೈಡ್‌ಗೆ ಫಲಿತಾಂಶ ತೋರಿಸದಿದ್ದರೆ ಅವಳು ಇನ್ನೊಂದು ವರ್ಷ ಅಲ್ಲೇ ಕೂರಬೇಕಿತ್ತು.

ಮರುದಿನ ಫ್ರಿಜ್ಜಿನಲ್ಲಿ ಬಾಟಲಿ ಇಲ್ಲ.

"ಎಲ್ಲಿಟ್ಟಿಯೋ?"

"ಅದು ಖಾಲಿ ಇತ್ತಲ್ಲಕ್ಕಾ. ನೀನ ಒಗದಿರಬೇಕು."

"ಐದು ಮಿಲಿಗ್ರಾಂ ಅಂದ್ರ ಬೇಸನ್ ಉಂಡಿ ಕಂಡಂಗ ಕಾಣತೈತೇನಲೇ? ತಳಕ್ಕ ಅಂಟಿಕೊಂಡಿರತೈತಿ!"

ಬಿಸಾಡುವ ಬಾಟಲಿಗಳ ಬುಟ್ಟಿಗೆ ಓಡಿದೆವು. ಅಲ್ಲಿ ದೊಡ್ಡ ಬಾಟಲಿಗಳು ಮಾತ್ರ ಇದ್ದವು. ಆಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು: ಅಟೆಂಡರ್ ಕಾಕಾ! ಬಿಗಿ ಮುಚ್ಚಳದ ಪುಟ್ಟ ಬಾಟಲಿ ಕಂಡರೆ ಅವರು ಬಿಡುತ್ತಿರಲಿಲ್ಲ. ತಂಬಾಕಿಗೆ ಹಚ್ಚುವ ಸುಣ್ಣ ಅದರಲ್ಲಿ ಒಣಗುವುದಿಲ್ಲವಂತೆ.

ಕಾಕಾ ಖಾಕಿ ಅಂಗಿಯ ಕಿಸೆಯಿಂದ ಅದನ್ನು ಹೊರತೆಗೆದರು.

"ಇದೇನ್ರಿ ಅಕ್ಕಾರ? ಸಂಜೀಕ ತೊಳದು ಸುಣ್ಣ ತುಂಬಾಂವ ಇದ್ದೆ. ಖಾಲಿ ಐತಿ ಅಂತ ನೀವ ಒಗದಿದ್ರಲ್ಲ?"

ಹಾಗೆ ಕೇಳುವಾಗ ಅವರು ನಮ್ಮಿಬ್ಬರಲ್ಲಿ ಯಾರ ಕಡೆ ನೋಡಿದರೆಂಬುದೇ ನನಗೆ ನೆನಪಿಲ್ಲ.

"ಕಾಕಾ, ಅದು ಬಾಯಾಗ ಹೋಗಿದ್ರ ಏನ್ ಗತಿರಿ?" ಅಕ್ಕ ಗದರಿದಳು.

"ಅದರಾಗ ಏನೂ ಕಾಣವಲ್ದು ಕಾಕಾ," ಎಂದು ನಾನು ನಡುವೆ ಬಾಯಿ ಹಾಕಿದೆ.

"ನಿಮ್ಮ ಬುದ್ಧೀನೂ ಕಾಣಂಗಿಲ್ರಿ ಸರ್. ಹಂಗಂತ ಇಲ್ಲ ಅಂದೇನೇನು ನಾ?"

ಒಂದು ದಿನ ಕಾಕಾನ ಕಿಸೆಯಲ್ಲಿ ಬೆಚ್ಚಗಿದ್ದ ಪುಡಿ ಕೆಲಸ ಮಾಡೀತೇ? ಅಕ್ಕ ಬಾಟಲಿಗೇ ನೇರವಾಗಿ ದ್ರಾವಕ ಹಾಕಿ, ಅಲುಗಾಡಿಸಿ, ಜೀವಕೋಶಗಳಿಗೆ ಕೊಟ್ಟಳು. ಮೂರನೆಯ ದಿನ, ಚೀಟಿ ಅಂಟಿದ ಪ್ರೋಟೀನುಗಳ ಗುರುತು ಮೂಡಿಸುವ ಎಕ್ಸ್‌-ರೇ ಫಿಲ್ಮಿನ ಮೇಲೆ ಕಪ್ಪು ಪಟ್ಟೆ ಮೇಲಿಂದ ಕೆಳಗಿನವರೆಗೆ ದಟ್ಟವಾಗಿ ಮೂಡಿತು. ಚೀಟಿಗಳೆಲ್ಲ ಅಂಟಿದಲ್ಲೇ ಉಳಿದಿದ್ದವು, ಪುಡಿ ಕೆಲಸ ಮಾಡಿತ್ತು. ಅಕ್ಕ ಕಾಕಾನಿಗೆ ಸ್ಟೀಲಿನ ಸುಣ್ಣದ ಡಬ್ಬಿಯೊಂದನ್ನು ಕೊಡಿಸಿದಳು. ನನಗೆ ಏನನ್ನೂ ಕೊಡಿಸಲಿಲ್ಲ. ಬಾಟಲಿ ಬಿಸಾಕಿದ್ದು ಅವಳೇ, ತಪ್ಪು ಮುಚ್ಚಿಕೊಳ್ಳುತ್ತಿದ್ದಾಳೆ ಎಂದು ನಾನು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಬಂದೆ.

ಕಳೆದ ವರ್ಷ ಆ ಲ್ಯಾಬಿಗೆ ಹೋದಾಗ ಕುತೂಹಲ ತಡೆಯದೆ ಹಳೆಯ ಆವಕ ರಿಜಿಸ್ಟರ್ ತೆಗೆಸಿ ನೋಡಿದೆ. ಆ ದಿನದ ಸಾಲಿನಲ್ಲಿ ಹೀಗಿತ್ತು: "ಬಾಟಲಿ ಖಾಲಿ ಬಂದಿದೆ. ಬಿಸಾಕಿದ್ದೇನೆ." ಅಕ್ಷರ ನನ್ನದು. ಕೆಳಗಿನ ಸಹಿಯೂ ನನ್ನದೇ.