ಸೀತಕ್ಕನ ಪುಟ ಮಗುಚುವ ಮೋಟಾರು

ಗೌರೀಶಂಕರನಂಥ ಮೊಂಡನನ್ನು ನಾನು ಬೇರೆ ಕಂಡಿಲ್ಲ. ಬನಶಂಕರಿಯಲ್ಲಿ ನನ್ನದು ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ. ಅವನು ನನ್ನ ಹೈಸ್ಕೂಲಿನ ಗೆಳೆಯ, ಪಾಲಿಟೆಕ್ನಿಕ್ ಒಂದರಲ್ಲಿ ಲ್ಯಾಬ್ ಕೆಲಸ. ಅವರಮ್ಮ ಬೇಗ ಹೋಗಿಬಿಟ್ಟಿದ್ದರು. ಸಾಕಿದ್ದು ಅಕ್ಕ ಸೀತಮ್ಮ. ತಮ್ಮನನ್ನು ಓದಿಸುವುದರಲ್ಲಿ ಆಕೆಗೆ ಮದುವೆಯ ವಯಸ್ಸು ಮೀರಿತು, ಇವನೂ ಮದುವೆಯಾಗಲಿಲ್ಲ. ಜಯನಗರದ ಒಂದು ಮಹಡಿ ಮನೆಯಲ್ಲಿ ಇಬ್ಬರೂ ಬಾಡಿಗೆಗಿದ್ದರು. ಭಾನುವಾರ ಬಂತೆಂದರೆ ಇವನು ಪುಟ್ಟ ರೋಬೋಟು ಮಾಡಿ ನೆಲಕ್ಕೆ ಬಿಡುವುದು, ಅದು ಗೋಡೆಗೆ ಗುದ್ದುವುದು, ಸೀತಕ್ಕ ಕಾದಂಬರಿಯಿಂದ ತಲೆಯೆತ್ತಿ "ನಿನ್ ಮಕ್ಳಿಗೆ ಕಣ್ಣೇ ಇಲ್ವಲ್ಲೋ" ಎಂದು ರೇಗಿಸುವುದು. ಸುಖವಾಗಿಯೇ ಇದ್ದರು.

ಎರಡು ಸಾವಿರದ ಒಂದರ ಯುಗಾದಿ ಕಳೆದು ಒಂದು ವಾರಕ್ಕೆ ಆಕೆಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. "ಹೂಂ" ಎನ್ನುವುದೊಂದು ಉಳಿಯಿತು. ಮೊದಲೇ ವಾತ ಹಿಡಿದಿದ್ದ ಎಡಗೈಯಲ್ಲೂ ಎರಡು ಬೆರಳಷ್ಟೇ ಹೇಳಿದ ಮಾತು ಕೇಳುತ್ತಿದ್ದವು. ವಾರಕ್ಕೆರಡು ಕಾದಂಬರಿ ಮುಗಿಸುತ್ತಿದ್ದ ಹೆಂಗಸು, ತಮ್ಮ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಗೋಡೆ ನೋಡುತ್ತ ಕೂರಬೇಕು. ಆ ದೇವರಿಗೆ ಬೇರೆ ಯಾರೂ ಸಿಗಲಿಲ್ಲವೇ ಎಂದು ನನಗೆ ಮೈಯೆಲ್ಲ ಉರಿದಿತ್ತು.

"ಗುಂಡಿ ಒತ್ತಿದ್ರೆ ಪುಟ ಮಗುಚೋ ರೋಬೋಟ್ ಮಾಡ್ತೀನಿ ಕಣೋ ಸೀನು. ನಾನಿಲ್ದಿದ್ರೂ ಅಕ್ಕ ಓದ್ಕೋತಾಳೆ," ಎಂದ ಗೌರೀಶಂಕರ.

ಮೋಟಾರು ಆರಿಸುವುದರಲ್ಲೇ ಎರಡು ತಿಂಗಳು ನನ್ನ ಪ್ರಾಣ ತಿಂದ. ಕರೆಂಟಿನ ವೈರು ಅಕ್ಕನ ಹತ್ತಿರ ಸುಳಿಯಕೂಡದು, ಬ್ಯಾಟರಿ ಶೆಲ್ಲಿನಲ್ಲೇ ನಡೆಯಬೇಕು. ಮೊದಲು ಆಟದ ಕಾರಿನ ಮೋಟಾರು ಹಾಕಿದ. ಅದು ನಾಲ್ಕು ಶೆಲ್ಲನ್ನು ಒಂದೇ ದಿನದಲ್ಲಿ ನುಂಗಿ, ಪುಟವನ್ನೂ ಪರ್ರನೆ ಹರಿದುಹಾಕಿತು. ಆಮೇಲೆ ನನ್ನ ಗುಜರಿ ಡಬ್ಬಕ್ಕೆ ಕೈಹಾಕಿದ. ಸೀಡಿ ಬಂದ ಮೇಲೆ ಕೆಟ್ಟ ಟೇಪ್ ರೆಕಾರ್ಡರುಗಳನ್ನು ಕೇಳುವವರೇ ಇರಲಿಲ್ಲ, ಡಬ್ಬ ತುಂಬಿ ತುಳುಕುತ್ತಿತ್ತು. ಒಂದೊಂದೇ ಮೋಟಾರಿಗೆ ಮೀಟರು ಸಿಕ್ಕಿಸಿ, ಸುಮ್ಮನೆ ತಿರುಗುವಾಗ ಎಷ್ಟು ಕರೆಂಟು ಎಳೆಯುತ್ತದೆ, ಅದರ ತಿರುಗುವ ಕಡ್ಡಿಯನ್ನು ಬೆರಳಲ್ಲಿ ಹಿಡಿದು ತಡೆದರೆ ಎಷ್ಟು ಎಂದು ಬರೆದುಕೊಂಡ. ಕಿವಿಗೆ ಹಿಡಿದು ಸದ್ದು ಕೇಳಿದ. ಹನ್ನೊಂದನ್ನು ಬೇಡವೆಂದ.

"ಹೆಣ್ಣು ನೋಡೋಕ್ ಬಂದೋರೂ ಇಷ್ಟು ಕೊಂಕು ತೆಗೆಯಲ್ಲ ಮಾರಾಯ!" ಎಂದೆ.

"ಓದೋವಾಗ ಅಕ್ಕನಿಗೆ ಸೊಳ್ಳೆ ಗುಂಯ್ ಅಂದ್ರೂ ಆಗಲ್ಲ ಕಣೋ."

ಹನ್ನೆರಡನೆಯದು ಒಂದು ವಾಕ್‌ಮನ್ನಿನ ಮೋಟಾರು. ಸದ್ದಿಲ್ಲ, ಎರಡು ಶೆಲ್ಲಿಗೆ ವಾರವಿಡೀ ಬಂತು. ಬಲ ಸಾಲದ್ದಕ್ಕೆ ರಬ್ಬರ್ ಬೆಲ್ಟೂ ಹಲ್ಲಿನ ಚಕ್ರವೂ ಸೇರಿಸಿ ವೇಗ ಇಳಿಸಿದ. ಸಣ್ಣ ರಬ್ಬರ್ ಗಾಲಿ ಹಾಳೆಯನ್ನು ಎತ್ತಬೇಕು, ತೆಳು ಕಡ್ಡಿ ಅದನ್ನು ಆಚೆಗೆ ತಳ್ಳಬೇಕು. ತಳ್ಳಿತು! ನನ್ನ ಅಂಗಡಿಯಲ್ಲೇ ಇಬ್ಬರೂ ಹುಡುಗರಂತೆ ಕೂಗಿಕೊಂಡೆವು. ಮೂರು ವಾರ ಅವನ ಬಾಯಲ್ಲಿ ಬೇರೆ ಮಾತಿಲ್ಲ. ಅಕ್ಕ ಎರಡು ದಿನಕ್ಕೊಂದು ಕಾದಂಬರಿ ಮುಗಿಸುತ್ತಾಳಂತೆ. ನನ್ನ ಮೋಟಾರು ಎಂದು ನಾನೂ ಬೀಗಿದೆ.

ಒಂದು ಸಂಜೆ ಯಂತ್ರ ನೋಡೋಣವೆಂದು ಅವನ ಜೊತೆಗೇ ಮನೆಗೆ ಹೋದೆ. ಸೀತಕ್ಕ ದಿಂಬಿಗೆ ಒರಗಿದ್ದರು. ಎದುರಿನ ಸ್ಟ್ಯಾಂಡಿನಲ್ಲಿ ಪುಸ್ತಕ, ಆಗಲೇ ಎಪ್ಪತ್ತು ಪುಟ ಆಚೆಗೆ ಹೋಗಿತ್ತು. ನನ್ನನ್ನು ನೋಡಿ ಅರ್ಧ ಬಾಯಲ್ಲಿ ನಕ್ಕು, ತೋರಿಸಲೆಂದೇ ಗುಂಡಿ ಒತ್ತಿದರು. ಹಾಳೆ ನಯವಾಗಿ ಮಗುಚಿತು.

ಅಕ್ಷರಗಳೆಲ್ಲ ತಲೆಕೆಳಗಾಗಿದ್ದವು.

ಲೈಬ್ರರಿಯ ರಟ್ಟು ಹಾಕಿದ ಪುಸ್ತಕ, ಹಿಂದುಮುಂದು ಒಂದೇ ಥರ. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಇವನೇ ಉಲ್ಟಾ ಸಿಕ್ಕಿಸಿ ಹೋಗಿದ್ದ. ಆಕೆಗೆ ಅದು ಗೊತ್ತೇ ಆಗಿರಲಿಲ್ಲ. ಲಕ್ವ ಮಾತಿನ ಜೊತೆಗೆ ಅಕ್ಷರವನ್ನೂ ಒಯ್ದುಬಿಟ್ಟಿತ್ತು. ಮೂರು ವಾರದಿಂದ ಓದಿದ್ದು ಒಂದಕ್ಷರವೂ ಇಲ್ಲ, ತಮ್ಮ ನೊಂದುಕೊಳ್ಳಬಾರದೆಂದು ಬರೀ ಗುಂಡಿ ಒತ್ತಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಗೌರೀಶಂಕರ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದ.

"ಚೆನ್ನಾಗಿದ್ಯಾ ಅಕ್ಕ ಕತೆ?"

"ಹೂಂ," ಎಂದರು ಸೀತಕ್ಕ.

ಮೆಟ್ಟಿಲಿಳಿದು ಬೀದಿಗೆ ಬಂದದ್ದೇ ನನಗೆ ತಡೆಯಲಾಗಲಿಲ್ಲ. ಯಾರ ಮೇಲಿನ ಸಿಟ್ಟೋ, ಅವನ ಮೇಲೆ ಹರಿಹಾಯ್ದೆ. "ಹಾಳಾದ್ದು ಇನ್ಯಾತಕ್ಕೋ ಅದು? ನಾಳೇನೇ ಬಿಚ್ಚಿ ಬಿಸಾಕು!"

ಗೌರೀಶಂಕರ ಅಂಗಿಯ ತೋಳಲ್ಲಿ ಕಣ್ಣೊರೆಸಿಕೊಂಡ.

"ಬಿಚ್ಚಿದ್ರೆ, ನಂಗೆ ಗೊತ್ತಾಯ್ತು ಅಂತ ಅವಳಿಗೆ ಗೊತ್ತಾಗ್ಬಿಡುತ್ತಲ್ಲೋ."

ಮಾರನೆಯ ದಿನ ಲೈಬ್ರರಿಗೆ ಹೋಗಿ ಆಕೆಗೆ ಇನ್ನೊಂದು ಕಾದಂಬರಿ ತಂದ.