ನಾನು ಕೆಡಿಸಿದ ಮಷೀನು

ಜಗತ್ ವೃತ್ತದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಹೊಲಿಗೆ ಮಷೀನು ರಿಪೇರಿ ಮಾಡುತ್ತೇನೆ. ಬುಧವಾರ ಮಾತ್ರ ಅಂಗಡಿಗೆ ಬೀಗ ಹಾಕಿ, ಚೀಲದಲ್ಲಿ ಎಣ್ಣೆ ಡಬ್ಬಿ, ಸ್ಕ್ರೂಡ್ರೈವರು, ಬೆಲ್ಟು ತುಂಬಿಕೊಂಡು ಕಮಲಾಪುರದ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಮನೆಯಲ್ಲೇ ಹೊಲಿಯುವ ಹೆಂಗಸರು ಬಹಳ ಮಂದಿ. ಅವರ ಹಳೆಯ ಮಷೀನುಗಳಿಗೆ ನಾನೇ ವೈದ್ಯ.

ನಾನು ಕ್ರೈಸ್ತ. ನಮ್ಮ ಸಭೆಯ ಪಾಸ್ಟರು ಪ್ರತಿ ಭಾನುವಾರ ಹೇಳುತ್ತಿದ್ದರು: ವಾರಕ್ಕೆ ಒಬ್ಬ ಅಪರಿಚಿತನಿಗಾದರೂ ನಿಮ್ಮ ನಂಬಿಕೆಯ ಬಗ್ಗೆ ಎರಡು ಮಾತು ಹೇಳಿ. ನನಗೆ ಅದು ಎಂದೂ ಆಗಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಟೈಮು ಕೇಳಿದರೆ, ಈಗ ಹೇಳುತ್ತೇನೆ ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಹಾಗಾಂವ್ ಕ್ರಾಸ್ ಬಂದು ಅವರು ಇಳಿದು ಹೋಗುತ್ತಿದ್ದರು. ನಾನು ಹೇಳಿದ್ದು ಬಿಸಿಲಿನ ಮಾತು ಮಾತ್ರ. ಹೀಗೆ ಹತ್ತಾರು ವರ್ಷ ಕಳೆದವು.

ಹೀಗಿರುವಾಗ ಒಂದು ಬುಧವಾರ ಕಮಲಾಪುರದಲ್ಲಿ ಒಬ್ಬ ಹೆಣ್ಣುಮಗಳು ಬಾಗಿಲನ್ನು ಅರ್ಧ ಮಾತ್ರ ತೆರೆದು ನಿಂತಳು.

"ಇನ್ ಬರಬ್ಯಾಡ್ರೀ ಅಣ್ಣಾ. ಮನ್ಯಾಗ ಬೈತಾರ."

"ಯಾಕ್ರೀ ತಂಗಿ, ಏನಾತು?"

"ನೀವು ರಿಪೇರಿ ನೆವ ಮಾಡ್ಕೊಂಡು ಯೇಸು ಪ್ರಚಾರಕ್ಕ ಬರ್ತೀರಂತ. ಬಜಾರದಾಗಿನ ಟೇಲರ್ ಹೇಳ್ಯಾನ."

ಮುಂದಿನ ಮೂರು ಮನೆಗಳಲ್ಲೂ ಅದೇ ಮಾತು. ಆ ಟೇಲರ್ ಹಳೆಯ ಮಷೀನುಗಳನ್ನು ತಂದು ಬಣ್ಣ ಹಚ್ಚಿ ಮಾರುತ್ತಿದ್ದ. ನಾನು ರಿಪೇರಿ ಮಾಡುತ್ತಿದ್ದರೆ ಅವನ ಹತ್ತಿರ ಕೊಳ್ಳುವವರು ಯಾರು? ಸಿಟ್ಟಿಗಿಂತ ಮೊದಲು ನಗು ಬಂತು. ನನ್ನಿಂದ ಇಡೀ ಆಯುಷ್ಯದಲ್ಲಿ ಮಾಡಲಾಗದ ಕೆಲಸವನ್ನೇ ಮಾಡಿದೆನೆಂದು ನನ್ನ ಮೇಲೆ ಹೊರಿಸಿದ್ದ! ಬಸ್ಸು ಹತ್ತುವಷ್ಟರಲ್ಲಿ ಆ ನಗು ಕಹಿಯಾಗಿತ್ತು.

ಆಮೇಲಿನ ದಿನಗಳಲ್ಲಿ ನನ್ನ ತಲೆಯಲ್ಲಿ ಅವನೊಬ್ಬನೇ ಇದ್ದ. ಅವನ ಅಂಗಡಿ ಮುಚ್ಚಿದಂತೆ, ಅವನು ನನ್ನ ಮುಂದೆ ಕೈಮುಗಿದು ನಿಂತಂತೆ ಕಲ್ಪಿಸಿಕೊಳ್ಳುತ್ತಿದ್ದೆ. ಪ್ರಾರ್ಥನೆಗೆ ಮೊಣಕಾಲೂರಿದರೆ, ಅವನ ಬಲಗೈ ಬಿದ್ದುಹೋಗಲಿ ಎಂದು ಕೇಳಿಕೊಳ್ಳುತ್ತಿದ್ದೆ. ಸಭೆಯಲ್ಲಿ ಎಲ್ಲರೂ ಕೂಡಿ ಪ್ರಾರ್ಥಿಸುವಾಗ ಇತರರ ತಪ್ಪನ್ನು ಕ್ಷಮಿಸುವ ಸಾಲು ಬಂದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಮದುವೆಯ ಹಂಗಾಮು ಶುರುವಾದಾಗ ಅವನೇ ಫೋನು ಮಾಡಿದ.

"ಮಿಸ್ತ್ರಿ, ಮಷೀನ್ ಜಾಮ್ ಆಗ್ಯಾದ. ಲಗೂನ ಬರ್ರಿ. ಬಟ್ಟಿ ರಾಶಿ ಬಿದ್ದಾವ."

ಹೋದೆ. ಅವನ ಮುಖದಲ್ಲಿ ಏನೂ ನಡೆದೇ ಇಲ್ಲವೆಂಬ ಭಾವ. ಚಹಾ ತರಿಸಿದ. ಸೂಜಿಯ ಕೆಳಗಿನ ಶಟಲ್‌ನಲ್ಲಿ ಸಿಕ್ಕಿದ್ದ ನೂಲು ತೆಗೆದೆ, ಎಣ್ಣೆ ಬಿಟ್ಟೆ, ಮಷೀನು ಚೆನ್ನಾಗಿ ಓಡಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಅವನು ಗಿರಾಕಿಯ ಕಡೆ ತಿರುಗಿದಾಗ, ಸೂಜಿ ಹಿಡಿದಿರುವ ಸರಳಿನ ಸ್ಕ್ರೂ ಸಡಿಲಿಸಿ, ಸರಳನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿ ಮತ್ತೆ ಬಿಗಿದೆ. ದಪ್ಪ ಬಟ್ಟೆಯ ಮೇಲೆ ಅದು ಗೊತ್ತಾಗುವುದಿಲ್ಲ. ರೇಷ್ಮೆ ಬಂದರೆ ಅಲ್ಲಲ್ಲಿ ಹೊಲಿಗೆ ಬಿಡುತ್ತದೆ, ಕಾರಣ ಮಾತ್ರ ಹೊಳೆಯುವುದಿಲ್ಲ. ದಪ್ಪ ಕಾಟನ್ ತುಂಡಿನ ಮೇಲೆ ಓಡಿಸಿ ತೋರಿಸಿದೆ. "ಭಾಳ್ ಛಲೋ ಆತ್ರೀ" ಎಂದ.

ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಕೊಂಡು, ನಿಂತಲ್ಲೇ ಎರಡು ತಿಂದೆ. ಅಷ್ಟು ರುಚಿಯ ಹಣ್ಣನ್ನು ನಾನು ಬಹಳ ದಿನ ತಿಂದಿರಲಿಲ್ಲ.

ಮುಂದಿನ ಬುಧವಾರ ಅವನು ಒದ್ದಾಡುವುದನ್ನು ನೋಡಲೆಂದೇ ಹೋದೆ. ಬೇರೆ ಕೆಲಸವಿರಲಿಲ್ಲ. ಅವನ ಕೂಗಾಟ ರಸ್ತೆಗೇ ಕೇಳುತ್ತಿತ್ತು. ಖುಷಿಯಿಂದ ಹೆಜ್ಜೆ ಹಾಕಿದೆ. ಬಾಗಿಲಿಗೆ ಬಂದು ನೋಡಿದರೆ ಅವನು ಬೈಯುತ್ತಿದ್ದುದು ಮಷೀನಿಗಲ್ಲ. ಮಷೀನಿನ ಮುಂದೆ ನಾನು ಎಂದೂ ನೋಡಿರದ ಒಬ್ಬ ಹೆಂಗಸು ಕುಳಿತಿದ್ದಳು. ಅವಳ ತೊಡೆಯ ಮೇಲೆ ಮದುಮಗಳ ಹಸಿರು ರೇಷ್ಮೆ ಜಂಪರು. ತಲೆ ತಗ್ಗಿಸಿ ಬ್ಲೇಡಿನಿಂದ ಹೊಲಿಗೆ ಬಿಚ್ಚುತ್ತಿದ್ದಳು. ಬಿಚ್ಚಿದ ಕಡೆಯೆಲ್ಲ ರೇಷ್ಮೆಯ ಮೇಲೆ ಸೂಜಿಯ ತೂತುಗಳು ಉಳಿದಿದ್ದವು.

"ಮೂರ್ ಸಲ ಬಿಚ್ಚಿ ಹೊಲದ್ರೂ ಹಿಂಗ! ಕೈಯಾಗ ಕಸುಬೇ ಇಲ್ಲ ನಿಂದು. ನಾಳಿಂದ ಬರಬ್ಯಾಡ" ಎಂದ ಟೇಲರ್.

ದಿನವೂ ಆ ಮಷೀನು ತುಳಿಯುವವಳು ಅವಳೆಂದು ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಗೋಜಿಗೂ ನಾನು ಹೋಗಿರಲಿಲ್ಲ. ಹಾಗೇ ಹಿಂದಕ್ಕೆ ಸರಿದು ಬಸ್ಸು ಹತ್ತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ಹೆಜ್ಜೆ ಸರಿದೆ ಕೂಡ. ಆದರೆ ಅವಳು ತೂತು ಬಿದ್ದ ಜಾಗವನ್ನು ಉಗುರಿನಿಂದ ತಿಕ್ಕುತ್ತಿದ್ದಳು, ಮುಚ್ಚಿಹೋಗಬಹುದೇನೋ ಎಂಬಂತೆ. ಬಸ್ ಸ್ಟ್ಯಾಂಡಿನ ಕಡೆ ತಿರುಗಲು ನನಗಾಗಲಿಲ್ಲ.

ಒಳಗೆ ಬಂದು ಹೇಳಿದೆ: "ಆಕಿದೇನೂ ತಪ್ಪಿಲ್ರೀ. ಮಷೀನ್ ನಾನೇ ಕೆಡಿಸೀನಿ."

"ಏನಂದಿ?"

"ಬೇಕಂತನೇ ಕೆಡಿಸೀನಿ. ನೀವು ನನ್ನ ಬಗ್ಗೆ ಊರತುಂಬ ಸುಳ್ಳು ಹೇಳಿದ್ರಿ. ಅದಕ್ಕ."

ಅವನು ಕಾಲರ್ ಹಿಡಿಯುತ್ತಾನೆಂದುಕೊಂಡೆ. ಹಿಡಿಯಲಿ, ನಾನೂ ಹಿಡಿಯುತ್ತೇನೆ ಎಂದು ಕಾಯುತ್ತಿದ್ದೆ. ಅವನು ಕಣ್ಣು ಸಣ್ಣ ಮಾಡಿ ಕೇಳಿದ: "ಮತ್ತ ಈಗ್ಯಾಕ ಬಂದು ಹೇಳಾಕತ್ತಿ? ನಿನಗ ಯಾರ್ ಕೇಳಿದ್ರು?"

ಈ ಪ್ರಶ್ನೆಗೆ ನನ್ನಲ್ಲಿ ಒಂದೇ ಉತ್ತರವಿತ್ತು. "ನಾ ಯೇಸುನ್ನ ನಂಬಿದಾಂವ. ಆಕಿ ಅನ್ನ ಕಸದು ಹೋಗಿ ಅವನ ಮುಂದ ಹೆಂಗ್ ಕುಂದ್ರಲಿ?"

ಟೇಲರ್ ಚಪ್ಪಾಳೆ ತಟ್ಟಿ, ಅಂಗಡಿಯ ಮುಂದೆ ಸೇರಿದ್ದ ಮಂದಿಯ ಕಡೆ ತಿರುಗಿದ. "ಕೇಳಿದ್ರೇನು? ನಾ ಹೇಳಿದ್ದು ಖರೇ ಆತಿಲ್ಲೋ!"

ಅಷ್ಟರಲ್ಲಿ ಚೀಲದಿಂದ ತೆಗೆದ ಸ್ಕ್ರೂಡ್ರೈವರು ನನ್ನ ಕೈಯಲ್ಲಿತ್ತು. ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಗುರುತು ಮೂಡಿತ್ತು. ಬಗ್ಗಿ ಸರಳನ್ನು ಅದರ ಜಾಗಕ್ಕೆ ಇಳಿಸಿದೆ. ರೇಷ್ಮೆಯ ಚೂರೊಂದನ್ನು ಆ ಹೆಂಗಸೇ ಕೊಟ್ಟಳು. ಹೊಲಿಗೆ ಸಾಲಾಗಿ ಬಂತು. ಆಗ ಅವಳು, ನನಗಷ್ಟೇ ಕೇಳುವಂತೆ, "ಈಗ ಹೇಳೀರಿ, ಛಲೋ ಆತು. ಕೆಡಿಸುವಾಗ ನಿಮ್ಮ ದೇವ್ರು ಎಲ್ಲಿದ್ದ ಅಣ್ಣಾ?" ಎಂದಳು.

"ಅಂವಗ ನಾ ಕೇಳ್ಲಿಲ್ಲ ತಂಗಿ" ಎಂದೆ.

ಟೇಲರ್ ಅವಳನ್ನು ಕೆಲಸದಿಂದ ಬಿಡಿಸಲಿಲ್ಲ. ಆದರೆ ಜಂಪರಿನ ಬಟ್ಟೆ ಹೊಸದು ತಂದುಕೊಡುವುದು ನನ್ನ ಪಾಲಿಗೆ ಬಂತು, ತಂದುಕೊಟ್ಟೆ. ಅವನು ಆ ದಿನದ ಕಥೆಗೆ ಇನ್ನಷ್ಟು ಸೇರಿಸಿ ಊರಿಗೆಲ್ಲ ಹೇಳಿದ. ಕಮಲಾಪುರದಲ್ಲಿ ನನಗೆ ಕೆಲಸ ಕೊಡುವ ಮನೆಗಳು ಉಳಿಯಲಿಲ್ಲ. ಪಾಸ್ಟರಿಗೆ ಎಲ್ಲ ತಿಳಿಸಿದೆ. "ಅವನನ್ನ ಕ್ಷಮಿಸೀರೇನು?" ಎಂದು ಕೇಳಿದರು. ಇಲ್ಲ ಎಂದೆ. ಅವರು ನನ್ನ ಪಕ್ಕ ಬಂದು ಕುಳಿತರು.

ಕೆಲವು ತಿಂಗಳ ಬಳಿಕ ಆ ಹೆಂಗಸೇ ಅಂಗಡಿ ಬಿಟ್ಟು ಮನೆಯಲ್ಲಿ ಹೊಲಿಯತೊಡಗಿದಳು. ತವರಿನಿಂದ ತಂದ ಮಷೀನಿಗೆ ಎಣ್ಣೆ ಬಿಡಲು ನನ್ನನ್ನು ಕರೆದಳು. ಈಗಲೂ ಹೋಗುತ್ತೇನೆ. ಅವಳ ಅತ್ತೆ ಬಾಗಿಲಲ್ಲೇ ಕುಳಿತು ನನ್ನ ಕೈಯನ್ನೇ ನೋಡುತ್ತಿರುತ್ತಾರೆ.

"ನಿಮ್ಮ ಸಭಾದಾಗ ಎಲ್ಲಾರೂ ನಿಮ್ಮಂಗ ಸಿಟ್ಟಿನವ್ರೇ ಏನ್ರೀ?" ಎಂದು ಒಮ್ಮೆ ಕೇಳಿದಳು. ನಕ್ಕೆ. ಅವಳಾಗಿ ಕೇಳಿದ್ದರಿಂದ ಹೇಳಿದೆ: ನಮ್ಮ ಸಭೆಯ ಬಗ್ಗೆ, ನಾನು ನಂಬುವವನ ಬಗ್ಗೆ, ಅವನು ಹೇಳಿದಂತೆ ನಡೆಯಲು ನನಗೆ ಆಗದಿರುವುದರ ಬಗ್ಗೆ. ಅತ್ತೆಯೂ ಕೇಳುತ್ತಿದ್ದರು. ಇಬ್ಬರೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಚಹಾ ಕೊಟ್ಟರು.

ಟೇಲರ್ ಈಗ ಹುಮನಾಬಾದಿನಿಂದ ಬೇರೆ ಮಿಸ್ತ್ರಿಯನ್ನು ಕರೆಸುತ್ತಾನಂತೆ. ಆ ಮಿಸ್ತ್ರಿ ಬಂದು ಹೋದ ಮೇಲೆ ಮಷೀನು ಇನ್ನಷ್ಟು ಸದ್ದು ಮಾಡುತ್ತದಂತೆ. ಹೋದ ವಾರ ಅವಳೇ ಹೇಳಿದಳು. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಆ ಮಾತನ್ನು ಮಾತ್ರ ಅವಳಿಗೆ ಹೇಳಲಿಲ್ಲ.