ತಿಪಟೂರಲ್ಲೇ ನಿಂತ ಬಸ್ಸು

ಅವರ ಬಲಗೈ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಹುಡುಗರಾಗಿದ್ದಾಗ ತೋಟದಲ್ಲಿ ಕಾಯಿ ಸುಲಿಯಲು ಹೋಗಿ ಆದದ್ದಂತೆ. ಸೀಮೆಸುಣ್ಣವನ್ನು ಹೆಬ್ಬೆರಳು, ನಡುಬೆರಳಿನ ಸಂದಿಯಲ್ಲಿ ಹಿಡಿಯುತ್ತಿದ್ದರಿಂದ ಅವರು ಬರೆದ ಬಾಣಗಳೆಲ್ಲ ಒಂದು ಕಡೆಗೆ ವಾಲುತ್ತಿದ್ದವು. ತಿಪಟೂರಿನ ಕಾಲೇಜಿನಲ್ಲಿ ನಮಗೆ ಕಂಪ್ಯೂಟರ್ ಪಾಠ ಹೇಳಿದ ಮೇಷ್ಟ್ರು ಅವರು. "ಅರ್ಥ ಆಯ್ತಾ ಅಂತ ಕೇಳಲ್ಲ, ಎಲ್ಲಿ ಆಗ್ಲಿಲ್ಲ ಹೇಳಿ" ಅನ್ನುತ್ತಿದ್ದರು.

ಲಿಂಕ್ಡ್ ಲಿಸ್ಟ್, ಅಂದರೆ ಒಂದಕ್ಕೊಂದು ಕೊಂಡಿ ಹಾಕಿದ ಪಟ್ಟಿಯ ಪಾಠದ ದಿನ ಬೋರ್ಡಿನ ಮೇಲೆ ಡಬ್ಬಿಗಳನ್ನು ಬರೆದು ತಿಪಟೂರು, ನೊಣವಿನಕೆರೆ, ತುರುವೇಕೆರೆ ಎಂದು ಹೆಸರಿಟ್ಟರು. ಪ್ರತಿ ಊರಿಗೂ ತನ್ನ ಮುಂದಿನ ಊರಷ್ಟೇ ಗೊತ್ತು. ಅದನ್ನು ತೋರಿಸುವುದೇ ಬಾಣ. ಇದನ್ನು ತುರುವೇಕೆರೆಯಿಂದ ತಿಪಟೂರಿಗೆ ಬರುವ ಹಾಗೆ ಹಿಂದುಮುಂದು ಮಾಡು ಎಂದು ನನ್ನನ್ನು ಕರೆದರು. ಹೋದವಳೇ ತಿಪಟೂರಿನ ಬಾಣ ಅಳಿಸಿಬಿಟ್ಟೆ. ಆಮೇಲೆ ಮುಂದಿನ ಊರಿಗೆ ದಾರಿಯೇ ಉಳಿಯಲಿಲ್ಲ.

"ನೊಣವಿನಕೆರೆ ಎಲ್ಲಿದೆ ಅಂತ ಈಗ ಯಾರನ್ನ ಕೇಳ್ತೀಯಮ್ಮ? ಮೊದಲು ಗುರುತಿಟ್ಕೋಬೇಕಿತ್ತು" ಎಂದರು ಮೇಷ್ಟ್ರು.

"ನಿಮ್ಮೂರ ಬಸ್ಸು ತಿಪಟೂರಲ್ಲೇ ನಿಂತೋಯ್ತು ಕಣೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ನಾನು ತುರುವೇಕೆರೆಯವಳು. ಇಡೀ ತರಗತಿ ನಕ್ಕಿತು. ಆಮೇಲೆ ಬಸ್ ಸ್ಟ್ಯಾಂಡಿನಲ್ಲೂ ಅದೇ ಮಾತು. ತಲೆ ಎತ್ತಲಾಗದೆ, ಈ ಓದೇ ಬೇಡವೆಂದು ಮಾರನೇ ಬೆಳಿಗ್ಗೆ ಟಿ.ಸಿ. ಕೇಳಲು ಆಫೀಸಿಗೆ ಹೋದೆ. ಬಾಗಿಲಲ್ಲೇ ಮೇಷ್ಟ್ರು ಎದುರಾದರು.

"ಕಷ್ಟ ಅಂತ ಬುಡೋದಾದ್ರೆ ಬುಡು ಕಣಮ್ಮ. ನಾಚ್ಕೆಗೆ ಬುಡಬೇಡ. ಇವತ್ತೊಂದು ಪಾಠಕ್ಕೆ ಕೂತು ಹೋಗು."

ಕೂತೆ. ಆ ದಿನ ಹುಡುಗನೊಬ್ಬ ಎದ್ದ. "ಸಾರ್, ಕೊನೇ ಊರಿನ ಬಾಣ ನಡುವಿನ ಊರಿಗೇ ವಾಪಸ್ ಬಂದ್ರೆ ಬಸ್ಸು ಸುತ್ತುತಾನೇ ಇರ್ತದೆ. ದಾಟಿದ ಊರು ಬರ್ಕೊಳ್ದೆ ಅದನ್ನ ಹೆಂಗೆ ಪತ್ತೆ ಮಾಡೋದು?"

ಮೇಷ್ಟ್ರು ಬರೆದರು, ಅಳಿಸಿದರು, ಮತ್ತೆ ಬರೆದರು. ಬೆಲ್ಲು ಹೊಡೆಯಿತು. ಹುಡುಗರು ನಗತೊಡಗಿದರು. "ನಂಗೆ ಬರ್ತಿಲ್ಲ. ನಾಳೆ ಹೇಳ್ತೀನಿ" ಎಂದು ತಾವೂ ನಗುತ್ತಲೇ ಹೊರಟರು.

ಮರುದಿನ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದರು. "ಎರಡು ಬಸ್ಸು ಬುಡಿ. ಒಂದು ಒಂದೊಂದೇ ಊರು ದಾಟ್ಲಿ, ಇನ್ನೊಂದು ಎರಡೆರಡು. ಸುತ್ತು ಇದ್ರೆ ಎಲ್ಲಾದ್ರೂ ಒಂದ್ಕಡೆ ಎರಡೂ ಸೇರಲೇಬೇಕು."

ನನಗೆ ಧೈರ್ಯ ತುಂಬಲು ಹಿಂದಿನ ದಿನ ಬೇಕೆಂದೇ ಸೋತರು ಎಂದುಕೊಂಡೆ. ಟಿ.ಸಿ. ಮಾತು ಮತ್ತೆ ಎತ್ತಲಿಲ್ಲ.

ಈಗ ನಾನೂ ಅದೇ ಪಾಠ ಹೇಳುತ್ತೇನೆ. ಹೋದ ವರ್ಷ ಅವರು ತೀರಿಕೊಂಡಾಗ ಕಂದಿಕೆರೆಯ ಅವರ ಮನೆಗೆ ಹೋಗಿ, ಹೆಂಡತಿಯ ಮುಂದೆ ಈ ಕತೆ ಹೇಳಿದೆ.

"ಬೇಕೂಂತ ಅಲ್ಲ ಕಣಮ್ಮ" ಎಂದರು ಆಕೆ. "ಅವತ್ತು ಬಂದವ್ರು ಊಟ ಮುಟ್ನಿಲ್ಲ. ಹುಡುಗ್ರ ಮುಂದೆ ಮಾನ ಹೋಯ್ತು, ನಾಳೆಯಿಂದ ಹೋಗಲ್ಲ ಅಂತ ಅತ್ತುಬುಟ್ರು."

ಹಾಗೆ ಅತ್ತವರು ಬೆಳಿಗ್ಗೆ ಅದೇ ಹುಡುಗರ ಮುಂದೆ ಬಂದು ನಿಂತಿದ್ದರು. ನಾನೋ, ಅದು ಅವರು ಹೂಡಿದ ನಾಟಕವೆಂದು ನನ್ನ ವಿದ್ಯಾರ್ಥಿಗಳಿಗೆಲ್ಲ ನಗುನಗುತ್ತಾ ಹೇಳಿಕೊಂಡು ಬಂದಿದ್ದೆ. ಆಕೆಯ ಮುಖ ನೋಡಲಾಗದೆ ನೆಲ ನೋಡುತ್ತಾ ಕೂತೆ.